ಮೂವತ್ತೊಂದನೆಯ ವೋಟು

ಹೆಲ್ಸಿಂಕಿಯಿಂದ ಬಹುದೂರದ ಹಳ್ಳಿ ಹಾಪವಾರದ ಕಾರ್ಮಿಕ ಭವನದಲ್ಲಿ ಚುನಾವಣೆಯ ಫಲಿತಾಂಶ ಎಣಿಕೆಗೆ ಮೊದಲೇ ಗೊತ್ತಿರುತ್ತಿತ್ತು. ಮತದಾನಕ್ಕೆ ಒಂದು ವಾರವಿದೆ ಎನ್ನುವಾಗ ಭವನದ ಅಧ್ಯಕ್ಷ ನೆಸ್ತೋರಿ ಒಲೆಯ ಪಕ್ಕ ಕೂತು, ಬೆರಳು ಮಡಚುತ್ತ, ಊರಿನ ಒಂದೊಂದು ಮನೆಯನ್ನೂ ಮನಸ್ಸಿನಲ್ಲೇ ಹೊಕ್ಕು ಬರುತ್ತಿದ್ದ. ಯಾರು ಸತ್ತರು, ಯಾರು ಸ್ವೀಡನ್ನಿಗೆ ಹೋದರು, ಯಾರ ಮಗಳಿಗೆ ವಯಸ್ಸು ತುಂಬಿತು, ಎಲ್ಲ ಕೂಡಿ ಕಳೆದು ಭವನದ ಪಕ್ಷಕ್ಕೆ ಬೀಳುವ ವೋಟಿನ ಸಂಖ್ಯೆ ಹೇಳುತ್ತಿದ್ದ. ಯುದ್ಧ ಮುಗಿದು ಕಮ್ಯುನಿಸ್ಟರು ಬಹಿರಂಗವಾಗಿ ಓಡಾಡುವಂತಾದ ಮೇಲೆ, ನಲವತ್ತೈದನೇ ಇಸವಿಯಿಂದ, ಏಳು ಚುನಾವಣೆಗಳಾಗಿದ್ದವು. ಒಮ್ಮೆಯೂ ಅವನ ಲೆಕ್ಕ ತಪ್ಪಿರಲಿಲ್ಲ. ಎಪ್ಪತ್ತರ ಮಾರ್ಚಿನಲ್ಲಿ ಅವನು ಹೇಳಿದ್ದು ಮೂವತ್ತೊಂದು.

ಬಂದದ್ದು ಮೂವತ್ತು.

ಸೈಮಿ ಅದನ್ನು ಕಣ್ಣಾರೆ ಕಂಡವಳು. ಊರ ಶಾಲೆಯಲ್ಲಿ ಅಡುಗೆ ಮಾಡುವ ಹೆಂಗಸು ಅವಳು. ಮೂರು ಮಕ್ಕಳ ತಾಯಿ. ಗಂಡ ಯೋರ್ಮ ಮರ ಕಡಿಯುವ ಕ್ಯಾಂಪಿನಿಂದ ಹದಿನೈದು ದಿನಕ್ಕೊಮ್ಮೆ ಮನೆಗೆ ಬರುತ್ತಿದ್ದ. ಮತಗಟ್ಟೆಯ ಐದು ಜನರ ಸಮಿತಿಯಲ್ಲಿ ಪ್ರತಿ ಪಕ್ಷಕ್ಕೂ ಒಬ್ಬೊಬ್ಬರು ಕೂರಬೇಕೆಂದು ನಿಯಮವಿದ್ದುದರಿಂದ ಭವನದವರು ಆ ಸಲ ತಮ್ಮ ಎಡಪಕ್ಷಗಳ ಒಕ್ಕೂಟದ ಪರವಾಗಿ ಸೈಮಿಯ ಹೆಸರು ಕೊಟ್ಟಿದ್ದರು. ಅದು ಅವಳಿಗೆ ಸಣ್ಣ ಹೆಮ್ಮೆಯಲ್ಲ. ಪಾತ್ರೆ ತಿಕ್ಕಿ ಒಡೆದ ಕೈಗೆ ಹಿಂದಿನ ರಾತ್ರಿ ಬೆಣ್ಣೆ ಸವರಿಕೊಂಡು ಹೋಗಿ ಕೂತಿದ್ದಳು.

ಸಮಿತಿಗೆ ಮುಖ್ಯಸ್ಥರು ರಂತಾಲ ಮೇಷ್ಟ್ರು. ಭಾನುವಾರ ಬೆಳಿಗ್ಗೆ ಪೆಟ್ಟಿಗೆಗೆ ಬೀಗ ಹಾಕುವ ಮುಂಚೆ ಅವರು ಎಲ್ಲರ ಮುಖ ನೋಡಿ ಹೇಳಿದ್ದರು: "ಐವತ್ತೆಂಟು ಜನ ಮತದಾರರು. ಒಬ್ಬೊಬ್ಬರ ನಾಯಿಯ ಹೆಸರೂ ನಮಗೆ ಗೊತ್ತು. ಅದಕ್ಕೇ ಹೇಳ್ತೀನಿ, ಇಲ್ಲಿ ಕಂಡಿದ್ದು ಇಲ್ಲಿಗೇ ಮುಗೀಬೇಕು. ಹೆಂಡ್ತಿಗೂ ಇಲ್ಲ, ಗಂಡನಿಗೂ ಇಲ್ಲ."

ಎಲ್ಲರೂ ಹೂಂ ಎಂದರು. ಸೈಮಿ ಎರಡು ಸಲ ಹೂಂ ಎಂದಳು.

ಮೊದಲ ವೋಟು ಹಾಕಲು ಬಂದದ್ದು ಅವಳ ಮಾವ ಎವೆರ್ಟಿ. ಎಪ್ಪತ್ತನಾಲ್ಕು ವರ್ಷ, ಕಪ್ಪು ಸೂಟು, ಕತ್ತಿನವರೆಗೆ ಗುಂಡಿ. ಪ್ರತಿ ಸಲವೂ ಅವನೇ ಮೊದಲು. ಅವನ ತಾಯಿ ಸಾವಿರದ ಒಂಬೈನೂರ ಏಳರಲ್ಲಿ, ಇದೇ ಮಾರ್ಚಿ ತಿಂಗಳ ಇದೇ ದಿನ, ಹೆಂಗಸರೂ ಗೇಣಿಯವರೂ ಮೊದಲ ಸಲ ವೋಟು ಹಾಕಿದಾಗ, ಹಾಲು ಕುಡಿಯುವ ಕೊನೆಯ ಕೂಸನ್ನು ಬೆನ್ನಿಗೆ ಕಟ್ಟಿಕೊಂಡು ಸ್ಕೀಯ ಮೇಲೆ ಎರಡು ಹರದಾರಿ ಹೋಗಿದ್ದವಳು. ಎವೆರ್ಟಿಗೆ ವೋಟಿನ ವಯಸ್ಸು ಬರುವ ಹೊತ್ತಿಗೆ ಹದಿನೆಂಟರ ಅಂತರ್ಯುದ್ಧ ಬಂತು, ಅವನಿದ್ದ ಕಾರ್ಮಿಕರ ಕೆಂಪು ಸೇನೆ ಸೋತಿತು, ಅವನು ಕೈದಿಗಳ ಶಿಬಿರದಲ್ಲಿ ಹುಲ್ಲು ತಿಂದು ಬದುಕಿಕೊಂಡ. ಹೊರಗೆ ಬಂದಾಗ ನಾಗರಿಕ ಹಕ್ಕು ಕಿತ್ತುಕೊಂಡಿದ್ದರು. ಅದು ಮರಳಿ ಸಿಕ್ಕಿ, ಒಮ್ಮೆ ವೋಟು ಹಾಕುವಷ್ಟರಲ್ಲಿ ಮೂವತ್ತರ ಇಸವಿಯಲ್ಲಿ ಕಮ್ಯುನಿಸ್ಟರನ್ನು ಅಡಗಿಸಲು ಹೊರಟ ಕರಿಯಂಗಿಯವರು ಬಂದು ಭವನದ ಬಾಗಿಲಿಗೆ ಹಲಗೆ ಹೊಡೆದರು. ಆ ಹಲಗೆಗಳನ್ನು ನಲವತ್ತನಾಲ್ಕರಲ್ಲಿ ಕಿತ್ತವನೂ ಅವನೇ. ಹಲಗೆ ಹಿಡಿದು ನಿಂತ ಅವನ ಫೋಟೋ ಭವನದ ಗೋಡೆಯಲ್ಲಿತ್ತು, ಲೆನಿನ್ನನ ಪಕ್ಕದಲ್ಲಿ, ಅರ್ಧ ಗೇಣು ಕೆಳಗೆ.

ಸೋಮವಾರ ಸಂಜೆ ಎಂಟಕ್ಕೆ ಬಾಗಿಲು ಹಾಕಿ ಎಣಿಕೆಗೆ ಕೂತರು. ಚೀಟಿಯಲ್ಲಿ ಹೆಸರಿರುವುದಿಲ್ಲ, ತನಗೆ ಬೇಕಾದ ಅಭ್ಯರ್ಥಿಯ ಸಂಖ್ಯೆಯನ್ನು ಮತದಾರನೇ ಪೆನ್ಸಿಲಿನಲ್ಲಿ ಬರೆದಿರುತ್ತಾನೆ. ಮೇಷ್ಟ್ರು ಒಂದೊಂದೇ ಬಿಚ್ಚಿ ಸಂಖ್ಯೆ ಓದುವುದು, ಚೀಟಿ ಕೈಯಿಂದ ಕೈಗೆ ಮೇಜು ಸುತ್ತುವುದು. ನಡುವೆ ಮೇಷ್ಟ್ರು, "ನಲವತ್ತೇಳು," ಎಂದರು. ಸ್ವಲ್ಪ ನಿಂತು, "ಗ್ರಾಮೀಣ ಪಕ್ಷ," ಎಂದರು.

"ಇಲ್ಲಿಗೂ ಬಂದ್ಬಿಡ್ತಾ ಜಡ್ಡು," ಎಂದ ಸೆಂಟರ್ ಪಕ್ಷದ ರೈತ, ನಗುತ್ತ.

ಚೀಟಿ ಸೈಮಿಯ ಕೈಗೆ ಬಂತು. ನಾಲ್ಕು ದಪ್ಪಗೆ, ಕೊರೆದ ಹಾಗೆ. ಏಳು ಹಿಂದಕ್ಕೆ ವಾಲಿಕೊಂಡು, ಗಾಳಿಗೆ ಬೆನ್ನು ಕೊಟ್ಟ ಬೇಲಿಗೂಟದ ಹಾಗೆ. ಗರಗಸಕ್ಕೆ ಎರಡು ಬೆರಳು ಕೊಟ್ಟ ಮನುಷ್ಯ ಪೆನ್ಸಿಲನ್ನು ಮುಷ್ಟಿಯಲ್ಲಿ ಹಿಡಿದು ಬರೆದರೆ ಮಾತ್ರ ಏಳು ಹಾಗೆ ಬೀಳುತ್ತದೆ. ತಮ್ಮ ದನದ ಹಟ್ಟಿಯ ಬಾಗಿಲ ಮೇಲೆ ದಿನಾ ಎಷ್ಟು ಲೀಟರು ಹಾಲಾಯಿತೆಂದು ಸೀಮೆಸುಣ್ಣದಲ್ಲಿ ಬರೆಯುವ ಏಳು ಅದು. ಹದಿನಾಲ್ಕು ವರ್ಷದಿಂದ ಬೆಳಿಗ್ಗೆ ಸಂಜೆ ನೋಡಿದ ಏಳು.

ಅವಳು ಚೀಟಿಯನ್ನು ಪಕ್ಕದವನಿಗೆ ದಾಟಿಸಿದಳು. ಬೇರೆ ಯಾರಿಗೂ ಏನೂ ಗೊತ್ತಾಗಲಿಲ್ಲ.

ದೇಶದಲ್ಲಿ ಆ ಸಲ, ಸರ್ಕಾರದ ಮೇಲೆ ಸಿಟ್ಟಾದ ಸಣ್ಣ ರೈತರ ವೋಟಿನಿಂದ, ಗ್ರಾಮೀಣ ಪಕ್ಷ ಒಂದು ಸೀಟಿನಿಂದ ಹದಿನೆಂಟಕ್ಕೆ ಹಾರಿತು. ರೇಡಿಯೋ ಎರಡು ದಿನ ಅದನ್ನೇ ಒದರಿತು. ಹಾಪವಾರದವರು ಹದಿನೆಂಟರ ತಂಟೆಗೆ ಹೋಗಲಿಲ್ಲ. ಅವರಿಗೆ ಬೇಕಾದದ್ದು ಒಂದು.

"ಸೆಂಟರಿನವ್ರು ಹದಿನಾಲ್ಕು ಅಂದ್ಕೊಂಡಿದ್ರು, ಹದಿನಾಲ್ಕು ಬಂತು," ಎಂದ ನೆಸ್ತೋರಿ, ಸಹಕಾರಿ ಅಂಗಡಿಯ ಮುಂದೆ ನಿಂತು, ಬಂದವರಿಗೆಲ್ಲ. "ಮಿಕ್ಕೋರದ್ದೂ ಸರಿಯಾಗಿದೆ. ನಮ್ಮದ್ರಲ್ಲಿ ಒಂದು ಕಮ್ಮಿ, ಆ ಗ್ರಾಮೀಣ ಪಕ್ಷದವ್ರಿಗೆ ಒಂದು ಜಾಸ್ತಿ. ಇದನ್ನ ತಿಳ್ಕೊಳ್ಳೋಕೆ ಹೆಲ್ಸಿಂಕಿಗೆ ಹೋಗಿ ಓದ್ಬೇಕಾಗಿಲ್ಲ."

ಯಾರೆಂದು ಅವನು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಭವನದ ಹಳೆಯ ಸದಸ್ಯ ಓಸ್ಮೋ ಹಿಂದಿನ ಶರತ್ಕಾಲದಲ್ಲಿ ಪರಿಹಾರದ ದುಡ್ಡಿಗೆ ತನ್ನ ಹೊಲಗಳನ್ನು ಪಾಳು ಬಿಡಲು ಸರ್ಕಾರದ ಜೊತೆ ಕರಾರು ಮಾಡಿಕೊಂಡಿದ್ದ. ಹಸುಗಳನ್ನು ಕಸಾಯಿಖಾನೆಗೆ ಕಳಿಸಿದ್ದ. ಫೆಬ್ರವರಿಯಲ್ಲಿ ಗ್ರಾಮೀಣ ಪಕ್ಷದ ಭಾಷಣಕಾರನ ಕಾರು ಅವನ ಮನೆಯೆದುರೇ ಹಿಮದಲ್ಲಿ ಹೂತುಹೋದಾಗ ಟ್ರಾಕ್ಟರಿನಿಂದ ಎಳೆದು ಕೊಟ್ಟಿದ್ದ. ಎಳೆದದ್ದಷ್ಟೇ ಅಲ್ಲ, ಒಳಗೆ ಕರೆದು ಕಾಫಿ ಕೊಟ್ಟಿದ್ದ. ಏಲಕ್ಕಿ ಬನ್ನೂ ಕೊಟ್ಟಿದ್ದನಂತೆ.

ಇಪ್ಪತ್ತು ವರ್ಷದಿಂದ ಶನಿವಾರದ ಕುಣಿತಕ್ಕೆ ಭವನದ ಒಲೆ ಹೊತ್ತಿಸುತ್ತಿದ್ದವನು ಓಸ್ಮೋ. ಬೀಗದಕೈ ಅವನ ಹತ್ತಿರವೇ ಇರುತ್ತಿತ್ತು. ಆ ಶನಿವಾರ ಅವನು ಸೌದೆ ಹೊತ್ತು ಹೋದಾಗ ಒಲೆ ಆಗಲೇ ಉರಿಯುತ್ತಿತ್ತು. ಬೆಂಚಿನ ಮೇಲೆ ಕೂತಿದ್ದವರು ಅವನು ಬಂದದ್ದನ್ನು ಕಾಣದವರ ಹಾಗೆ ಹವೆಯ ಮಾತಾಡಿಕೊಂಡರು. ಅವನು ಸೌದೆಯನ್ನು ಗೋಡೆಗೆ ಪೇರಿಸಿಟ್ಟು ಮನೆಗೆ ಹೋದ.

ಓಸ್ಮೋನ ಹೆಂಡತಿ ರೌಹಾ ಶಾಲೆಯ ಅಡುಗೆಮನೆಯಲ್ಲಿ ಸೈಮಿಯ ಜೊತೆಯವಳು. ಒಂಬತ್ತು ವರ್ಷದಿಂದ ಇಬ್ಬರೂ ಒಂದೇ ಬುಟ್ಟಿಯ ಎರಡು ಕಡೆ ಕೂತು ಆಲೂಗಡ್ಡೆ ಹೆರೆದವರು. ಒಬ್ಬಳ ಹೆರಿಗೆಗೆ ಇನ್ನೊಬ್ಬಳು ಸೌನಾದ ಹಬೆಮನೆ ಕಾಯಿಸಿದವಳು. ಈಸ್ಟರ್ ಹಬ್ಬದ ಹಿಂದಿನ ವಾರ ರೌಹಾ ಹೆರೆಯುತ್ತ ಹೆರೆಯುತ್ತ ಚಾಕು ಕೆಳಗಿಟ್ಟಳು.

"ಸೈಮಿ, ಒಂದು ಕೇಳ್ತೀನಿ. ಬೈಬೇಡ."

"ಏನೇ?"

"ನೀನು ಎಣಿಕೆಗೆ ಕೂತಿದ್ದೆ. ಓಸ್ಮೋನ ಬರವಣಿಗೆ ನಿನಗೆ ಗೊತ್ತು, ಭವನದ ಬೋರ್ಡೆಲ್ಲ ಅವನೇ ಬರೆಯೋದು. ಅದು ಅವನದ್ದಾ?"

ಸೈಮಿ ಕೈಯಲ್ಲಿದ್ದ ಆಲೂಗಡ್ಡೆಯನ್ನು ತಿರುಗಿಸಿದಳು. "ಅಲ್ಲಿ ಕಂಡಿದ್ದು ಹೇಳೋ ಹಾಗಿಲ್ಲ ಕಣೇ."

"ಯಾರದ್ದು ಅಂತ ನಾನು ಕೇಳ್ತಾ ಇಲ್ಲ. ಯಾರದ್ದಾದ್ರೂ ಆಗ್ಲಿ, ನನಗೇನು. ಓಸ್ಮೋದಲ್ಲ ಅಂತ ಒಂದು ಮಾತು ಹೇಳು. ತಲೆ ಆಡ್ಸು, ಸಾಕು. ಅವನು ದೇವರಾಣೆ ಅಂತಾನೆ. ಎಂದೂ ದೇವರನ್ನ ನಂಬದೋನು ದೇವರಾಣೆ ಅಂದ್ರೆ ನಾನು ಏನಂತ ತಿಳ್ಕೊಳ್ಳಿ?"

ತಲೆಯಾಡಿಸುವುದು ಎಷ್ಟು ಹಗುರದ ಕೆಲಸ. ಆದರೆ ರೌಹಾ ಅದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವವಳಲ್ಲ. ಸಂಜೆಯೊಳಗೆ ಅಂಗಡಿಯ ಮುಂದೆ ನಿಂತು ಗಂಡನ ಮಾನ ಉಳಿಸಿಕೊಳ್ಳುತ್ತಾಳೆ. ಓಸ್ಮೋ ಅಲ್ಲ ಎಂದು ಸೈಮಿಗೆ ಗೊತ್ತಿದೆ ಎಂದಮೇಲೆ ಯಾರೆಂದೂ ಗೊತ್ತಿದೆ. ನೆಸ್ತೋರಿ ಒಬ್ಬೊಬ್ಬರನ್ನೇ ಬೆರಳು ಮಡಚುತ್ತ ಬರುತ್ತಾನೆ. ಕೊನೆಗೆ ಉಳಿಯುವ ಬೆರಳು ಅವಳ ಮನೆಯದು. ಮೇಷ್ಟ್ರಿಗೆ ಕೊಟ್ಟ ಮಾತು ಬೇರೆ. ಅವಳು ಇಷ್ಟೆಲ್ಲ ಯೋಚಿಸುವಷ್ಟು ಹೊತ್ತು ತೆಗೆದುಕೊಂಡಳು, ಅದೇ ತಪ್ಪಾಯಿತು.

ರೌಹಾ ಅವಳ ಮುಖವನ್ನೇ ನೋಡುತ್ತಿದ್ದಳು. ಆಮೇಲೆ ಚಾಕು ತೆಗೆದುಕೊಂಡಳು.

"ಸರಿ ಬಿಡು. ಗೊತ್ತಾಯ್ತು."

"ಏನು ಗೊತ್ತಾಯ್ತು? ನಾನೇನೂ ಹೇಳಿಲ್ವಲ್ಲ!"

"ಅದಕ್ಕೇ ಗೊತ್ತಾಯ್ತು. ಅವನದ್ದಲ್ಲದಿದ್ರೆ ಹೇಳ್ತಿದ್ದೆ ನೀನು."

ಆ ಸಂಜೆ ಸೈಮಿ ಹಟ್ಟಿಗೆ ಹೋದಾಗ ಎವೆರ್ಟಿ ಹಸುವಿನ ಕೆಚ್ಚಲು ಒರೆಸುತ್ತಿದ್ದ. ಅವಳು ಬಕೆಟ್ಟನ್ನು ನೆಲಕ್ಕೆ ಕುಕ್ಕಿದಳು.

"ಮಾವ, ನಲವತ್ತೇಳು ಬರೆದಿದ್ದು ನೀವು."

ಮುದುಕ ತಿರುಗಲಿಲ್ಲ. "ಯಾರು ಹೇಳಿದ್ರು?"

"ಯಾರು ಹೇಳ್ಬೇಕು? ಆ ಏಳು ಈ ಬಾಗಿಲ ಮೇಲೇ ಇದೆ."

ಅವನು ಬಾಗಿಲು ನೋಡಿದ. ಬಟ್ಟೆಯನ್ನು ಹಿಂಡಿ ಮೊಳೆಗೆ ಹಾಕಿದ. ಆಮೇಲೆ ಮೂರುಕಾಲಿನ ಮಣೆಯ ಮೇಲೆ ಕೂತು, ಹಸುವಿಗೆ ಹೇಳುವವನ ಹಾಗೆ ಮಾತಾಡಿದ.

"ನಲವತ್ತಾರರಲ್ಲಿ ಸರ್ಕಾರ ಈ ಜಾಗ ಕೊಟ್ಟಾಗ ಕಲ್ಲು ಬಿಟ್ರೆ ಏನೂ ಇರ್ಲಿಲ್ಲ. ನಿನ್ನ ಅತ್ತೆ ಎಡಕ್ಕೆ, ನಾನು ಬಲಕ್ಕೆ ನಿಂತು ಕಿತ್ವಿ. ಅವಳ ಗರ್ಭ ಆ ಕಲ್ಲಿನ ಜೊತೆಗೇ ಹೋಯ್ತು, ಎರಡು ಸಲ. ಈಗ ಸರ್ಕಾರ ಬಂದು, ಬೆಳೀಬೇಡ, ಸುಮ್ನಿರು, ದುಡ್ಡು ಕೊಡ್ತೀವಿ ಅನ್ನುತ್ತೆ. ಆ ಕಾಯ್ದೆಗೆ ಕೈ ಎತ್ತಿದ್ದು ಯಾರು? ಸಾಹುಕಾರ್ರಾಗಿದ್ರೆ ನನಗೆ ಬೇಜಾರಿರ್ಲಿಲ್ಲ ಕಣವ್ವ. ಅವ್ರು ಹಂಗೇ. ನಮ್ಮೋರು. ನಮ್ಮೋರೇ ಮಂತ್ರಿ ಆಗಿ ಕೂತಿದ್ರಲ್ಲ ಆ ಸರ್ಕಾರದಲ್ಲಿ."

"ಅದನ್ನ ಭವನದಲ್ಲಿ ಕೇಳ್ಬೇಕಿತ್ತು."

"ಕೇಳ್ದೆ. ಜನವರೀಲಿ ಹೆಲ್ಸಿಂಕಿಯಿಂದ ನಮ್ಮ ಪಕ್ಷದ ಒಬ್ಬ ಹುಡುಗ ಬಂದಿದ್ನಲ್ಲ, ಗಡ್ಡದೋನು. ಕೇಳ್ದೆ. ಸಣ್ಣ ಬೇಸಾಯದ ಕಾಲ ಮುಗೀತು, ಇತಿಹಾಸದ ನಿಯಮ ತಾತ, ಅಂದ. ನನ್ನ ಬೆನ್ನು ತಟ್ಟಿದ." ಎವೆರ್ಟಿ ಕೆಮ್ಮಿದ. "ತಟ್ಟಿದ ಕಣವ್ವ. ಕುದುರೆ ತಟ್ಟೋ ಹಾಗೆ."

ಸೈಮಿಗೆ ಕೋಪ ಇಳಿಯುವುದರಲ್ಲಿತ್ತು. ಇಳಿಯಬಾರದೆಂದು ಅದನ್ನು ಹಿಡಿದುಕೊಂಡಳು. "ಓಸ್ಮೋನ ಮನೆ ಹಾಳಾಗ್ತಾ ಇದೆ. ಅಂಗಡೀಲಿ ಅವನ ಮಕ್ಕಳನ್ನ ಯಾರೂ ಮಾತಾಡಿಸ್ತಿಲ್ಲ. ನಾನು ಬಾಯಿ ಬಿಡೋ ಹಾಗಿಲ್ಲ. ನೀವು ಬಿಡ್ಬಹುದು. ನಿಮ್ಮ ವೋಟು, ನಿಮ್ಮ ಬಾಯಿ."

"ಹೇಳ್ತೀನಿ."

"ಯಾವಾಗ?"

"ಎಲ್ಲರೂ ಸೇರಿದಾಗ. ಒಬ್ಬೊಬ್ಬರ ಮನೆ ಬಾಗಿಲಿಗೆ ಹೋಗಿ ಹೇಳೋಕೆ ನಾನೇನು ಬೈಬಲ್ ಮಾರೋನಾ?"

ಆದರೆ ಎಲ್ಲರೂ ಸೇರುವ ದಿನ ಮುಂದೆ ಮುಂದೆ ಹೋಯಿತು. ಒಂದು ಭಾನುವಾರ ಎವೆರ್ಟಿಗೆ ಎದೆ ಹಿಡಿದುಕೊಂಡಿತು. ಇನ್ನೊಂದು ಭಾನುವಾರ ಸೂಟು ಹಾಕಿಕೊಂಡು ಮೆಟ್ಟಿಲವರೆಗೆ ಹೋಗಿ, ಬೂಟಿನ ಲಾಡಿ ಸರಿಯಿಲ್ಲವೆಂದು ಒಳಗೆ ಬಂದ. ಸೈಮಿ ಒತ್ತಾಯ ಮಾಡಲಿಲ್ಲ. ಶಿಬಿರದಲ್ಲಿ ಹೆದರದವನು ನೆಸ್ತೋರಿಗೆ ಹೆದರುತ್ತಾನೆಂದು ಅವಳಿಗೆ ಮೊದಲು ಅರ್ಥವಾಗಲಿಲ್ಲ, ಆಮೇಲೆ ಆಯಿತು. ಶಿಬಿರದಲ್ಲಿ ಅವನ ಕಾವಲಿಗಿದ್ದವರು ಪರರು; ಇವರು ತನ್ನವರು. ಇಷ್ಟರಲ್ಲಿ ಓಸ್ಮೋ ಸ್ವೀಡನ್ನಿನ ವೆಸ್ತೆರೋಸಿನಲ್ಲಿದ್ದ ಸೋದರಮಾವನ ಮಗನಿಗೆ ಕಾಗದ ಬರೆದನೆಂದೂ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತೆಂದೂ ಸುದ್ದಿಯಾಯಿತು. ರೌಹಾ ಅಡುಗೆಮನೆಯಲ್ಲಿ ಉಪ್ಪು ಕೊಡು, ಸೌಟು ಕೊಡು ಎನ್ನುವುದರ ಹೊರತು ಬೇರೆ ಮಾತು ಬಿಟ್ಟಿದ್ದಳು.

ಏಪ್ರಿಲ್ ಹತ್ತೊಂಬತ್ತರ ಭಾನುವಾರ ಭವನದಲ್ಲಿ ಸಭೆ. ಹಿಮ ಕರಗಿ ದಾರಿಯೆಲ್ಲ ಗಂಜಿಯಾಗಿತ್ತು. ಮೊದಲು ಮೇ ದಿನದ ಮೆರವಣಿಗೆಯ ವಿಷಯ; ಆಮೇಲೆ ಓಸ್ಮೋನ ಹೆಸರನ್ನು ಸದಸ್ಯರ ಪಟ್ಟಿಯಿಂದ ತೆಗೆಯುವ ವಿಷಯ. ಓಸ್ಮೋ ಬಂದಿರಲಿಲ್ಲ. ಬೀಗದಕೈ ಕೊಡಲು ರೌಹಾಳನ್ನು ಕಳಿಸಿದ್ದ. ಅವಳು ಅದನ್ನು ಮೇಜಿನ ಮೇಲಿಟ್ಟು, ಹೋಗದೆ, ಹಿಂದಿನ ಗೋಡೆಗೆ ಒರಗಿ ನಿಂತಳು.

"ಯಾರದ್ದಾದ್ರೂ ಏನಾದ್ರೂ ಮಾತಿದೆಯಾ?" ಎಂದ ನೆಸ್ತೋರಿ.

ಎವೆರ್ಟಿ ಎದ್ದು ನಿಂತ. ಕುರ್ಚಿಯ ಬೆನ್ನು ಹಿಡಿದುಕೊಂಡಿದ್ದ.

"ಓಸ್ಮೋನ ಹೆಸರು ತೆಗೀಬೇಡಿ. ಗ್ರಾಮೀಣ ಪಕ್ಷಕ್ಕೆ ಹಾಕಿದ್ದು ನಾನು."

ನೆಸ್ತೋರಿಯ ಮುಖದ ಮೇಲೆ ಏನೋ ಬಂದು ಹೋಯಿತು. ಆಮೇಲೆ ಅವನ ಕಣ್ಣು ತೇವವಾಯಿತು. ಅವನು ಮೇಜು ಬಳಸಿಕೊಂಡು ಬಂದು ಮುದುಕನ ತೋಳು ಹಿಡಿದುಕೊಂಡ.

"ನೋಡಿ," ಎಂದ ಸಭೆಯ ಕಡೆ ತಿರುಗಿ. "ಕಣ್ಣು ಬಿಟ್ಟು ನೋಡಿ. ಹದಿನೆಂಟರಲ್ಲಿ ಅಕ್ಕಪಕ್ಕದವರ ಹೆಸರು ಹೇಳು, ಬಿಡ್ತೀವಿ ಅಂದ್ರು, ಹೇಳ್ಲಿಲ್ಲ. ಇವತ್ತು ಒಬ್ಬ ದ್ರೋಹಿ ಮಕ್ಕಳು ಮರಿ ಇರೋನು ಅಂತ ಅವನ ಪಾಪಾನೂ ತಾನೇ ಹೊರ್ತೀನಿ ಅಂತಾರೆ. ಕಾಮ್ರೇಡ್ ಅಂದ್ರೆ ಇದು."

"ಅಲ್ಲ ಕಣಯ್ಯ, ನಾನೇ," ಎಂದ ಎವೆರ್ಟಿ. "ನಾನೇ ಬರೆದಿದ್ದು. ನಲವತ್ತೇಳು ಅಂತ."

"ಕೂತ್ಕೊಳ್ಳಿ ಎವೆರ್ಟಣ್ಣ, ಕೂತ್ಕೊಳ್ಳಿ. ನಿಮ್ಮನ್ನ ನಾವು ನೋಡಿಲ್ವಾ?"

ಹಿಂದಿನಿಂದ ಒಬ್ಬ ಕೂಗಿದ: "ಇವ್ರು ಗ್ರಾಮೀಣ ಪಕ್ಷ ಆದ್ರೆ ನಾನು ಪೋಪು!"

ನಗು ಎದ್ದಿತು. ನಗುವಿನ ಹಿಂದೆಯೇ ಚಪ್ಪಾಳೆ. ಎವೆರ್ಟಿ ಆ ಸದ್ದಿನ ನಡುವೆ ಕತ್ತು ತಿರುಗಿಸಿ ಸೈಮಿಯನ್ನು ಹುಡುಕಿದ. ಅವನ ನೋಟ ಕಂಡು ನೆಸ್ತೋರಿಯೂ ಅವಳತ್ತ ನೋಡಿದ.

"ಸೈಮಿ, ನೀನೇ ಎಣಿಕೆಗೆ ಕೂತೋಳು. ಏನಮ್ಮ, ನಿನ್ನ ಮಾವ ಹಿಂಗಂತಾರೆ?"

ಎಲ್ಲರೂ ತಿರುಗಿದರು. ಗೋಡೆಗೆ ಒರಗಿದ್ದ ರೌಹಾ ಕೂಡ. ಈಗ ಹೌದು ಎಂದರೆ ಸಾಕು, ಎಲ್ಲ ಮುಗಿಯುತ್ತಿತ್ತು. ಸೈಮಿ ಬಾಯಿ ತೆರೆದಳು. ಐದು ವಾರ ಹಗಲೂ ರಾತ್ರಿ ಯಾರು ಏನು ಕೇಳಿದರೂ ಒಂದೇ ಮಾತು ಹೇಳಿ ಹೇಳಿ ನಾಲಿಗೆಗೆ ಅದೇ ರೂಢಿಯಾಗಿಹೋಗಿತ್ತು.

"ಅಲ್ಲಿ ಕಂಡಿದ್ದು ಹೇಳೋ ಹಾಗಿಲ್ಲ," ಎಂದಳು.

"ನೋಡಿದ್ರಾ!" ಎಂದ ನೆಸ್ತೋರಿ. "ಸೊಸೆ ಬಾಯಲ್ಲಿ ಸುಳ್ಳೂ ಬರೋದಿಲ್ಲ!"

ಮತ್ತೆ ನಗು. ಅವಳು, ತಡೀರಿ, ನಾನು ಹೇಳ್ತೀನಿ ಎಂದಳು; ಅಥವಾ ಎಂದೆನೆಂದು ಆಮೇಲೆ ಅಂದುಕೊಂಡಳು. ಅಷ್ಟರಲ್ಲಿ ಕೈಗಳು ಮೇಲೆದ್ದಿದ್ದವು. ಓಸ್ಮೋನ ಹೆಸರು ತೆಗೆದದ್ದಾಯಿತು. ಹಿಂದಿನ ಬಾಗಿಲು ಬಡಿಯಿತು.

ಸೈಮಿ ಕೋಟಿಲ್ಲದೆ ಓಡಿದಳು. ಹಾಲಿನ ಡಬ್ಬಿ ಇಡುವ ಕಟ್ಟೆಯ ಹತ್ತಿರ ರೌಹಾ ಸಿಕ್ಕಿದಳು.

"ರೌಹಾ, ನಿಲ್ಲೇ! ಅದು ಮಾವಂದೇ. ನಾನು ನೋಡ್ದೆ. ಆ ಕೈಬರಹ ನನಗೆ ಗೊತ್ತು. ನಿಜವಾಗ್ಲೂ ಅವರೇ."

ರೌಹಾ ನಿಂತಳು. ಕೆಸರು ಅವಳ ಬೂಟನ್ನು ದಾಟಿ ಒಳಗೆ ಹೋಗುತ್ತಿತ್ತು.

"ಮೂರು ವಾರ ನಾನು ಅವನನ್ನ ಮಲಗೋಕೆ ಬಿಟ್ಟಿಲ್ಲ," ಎಂದಳು. ದನಿ ಏರಲಿಲ್ಲ. "ಸೈಮಿ ನೋಡಿದಾಳೆ, ಸೈಮಿ ಮುಖ ಹೇಳ್ತು, ನೀನೇ ಹಾಕಿದ್ದು, ಒಪ್ಕೋ ಅಂತ ದಿನಾ. ಮೊನ್ನೆ ಗುರುವಾರ ಎದ್ದು ಕೂತ. ಹೂಂ ಮಾರಾಯ್ತಿ, ನಾನೇ ಹಾಕಿದ್ದು, ಈಗಲಾದ್ರೂ ನಿದ್ದೆ ಮಾಡ್ತೀಯಾ ಅಂದ. ನಾನು ಅವನ ಮುಖಕ್ಕೆ ಉಗಿದೆ ಕಣೇ. ಮಕ್ಕಳ ಎದುರಿಗೇ."

"ರೌಹಾ..."

"ಒರೆಸ್ಕೊಂಡ. ಆಮೇಲೆ ಮಲಗಿ ಗೊರಕೆ ಹೊಡೆದ." ಅವಳು ಸೈಮಿಯ ಬರಿತೋಳು ನೋಡಿದಳು. "ಒಳಗೆ ಹೋಗು. ಚಳಿ."

"ನಾನೀಗಲೇ ಹೋಗಿ ಅವರಿಗೆಲ್ಲ ಹೇಳ್ತೀನಿ. ನೀನೂ ಬಾ."

"ಹೇಳು. ಹೇಳಿ ಏನು ಮಾಡ್ತೀಯ? ಅವರು ನಂಬಿದ್ರೂ ಅಷ್ಟೇ, ಬಿಟ್ರೂ ಅಷ್ಟೇ. ಅವನನ್ನ ನಾನೇ ನಂಬ್ಲಿಲ್ವಲ್ಲ."

ಸೈಮಿ ತಿರುಗಿ ಬಂದು ಭವನದ ಬಾಗಿಲಲ್ಲಿ ನಿಂತು, ನಡುಗುತ್ತ, ಹೇಳಿಯೂ ಬಿಟ್ಟಳು. ಕಾಫಿ ಕುಡಿಯುತ್ತಿದ್ದವರು ಕೇಳಿಸಿಕೊಂಡರು. ಒಬ್ಬಾಕೆ ಎದ್ದು ಅವಳ ಹೆಗಲಿಗೆ ಶಾಲು ಹೊದಿಸಿದಳು. ನೆಸ್ತೋರಿ ಮೆಲ್ಲಗೆ, "ನಿನ್ನ ಗೆಳತಿ, ನಿನಗೆ ಕಷ್ಟ ಆಗುತ್ತೆ, ಗೊತ್ತು ತಾಯಿ," ಎಂದ. ಅವನ ಮಾತಿನಲ್ಲಿ ಕುಹಕವಿರಲಿಲ್ಲ. ಕುಹಕವಿದ್ದಿದ್ದರೆ ಅವಳು ಜಗಳವಾದರೂ ಆಡುತ್ತಿದ್ದಳು.

ಮಾವ ಸೊಸೆ ಒಟ್ಟಿಗೆ ಮನೆಗೆ ನಡೆದರು. ಎವೆರ್ಟಿ ಎರಡು ಕಡೆ ಉಸಿರಿಗಾಗಿ ನಿಂತ. ಎರಡನೆಯ ಸಲ, ಸ್ಪ್ರೂಸ್ ಮರಗಳ ಕೆಳಗೆ, ಟೋಪಿ ತೆಗೆದು ಹಣೆ ಒರೆಸಿಕೊಂಡ.

"ನಾನು ಹಾಕಿದ ವೋಟೆಲ್ಲ ಭವನದ್ದು ಕಣವ್ವ. ಅವರು ಸಂಖ್ಯೆ ಕೊಟ್ರು, ಬರೆದೆ. ತಪ್ಪು ಅಂತಲ್ಲ. ಹಂಗೇ ಇತ್ತು ಕಾಲ. ಇದೊಂದು ನಾನೇ ಯೋಚನೆ ಮಾಡಿ ಹಾಕಿದ್ದು. ಅದನ್ನೂ ನನ್ನದಲ್ಲ ಅಂದ್ರು. ಚಪ್ಪಾಳೆ ಬೇರೆ ಹೊಡೆದ್ರು."

ಸೈಮಿ ಅವನ ತೋಳು ಹಿಡಿದುಕೊಂಡು, ಮಂಜುಗಡ್ಡೆ ಇರುವ ಕಡೆ ತಾನು ನಡೆದಳು.

ಬುಧವಾರ ಬೆಳಿಗ್ಗೆ ಬಸ್ಸು ಶಾಲೆಯ ಮುಂದೆ ನಿಂತಿತು. ಅಡುಗೆಮನೆಯ ಕಿಟಕಿಯಿಂದ ಸೈಮಿ ನೋಡಿದಳು. ಓಸ್ಮೋ ಸೂಟ್‌ಕೇಸುಗಳನ್ನು ಹಗ್ಗ ಬಿಗಿದು ಮೇಲೆ ಹಾಕಿದ. ಮಕ್ಕಳು ಹೊಸ ಜಾಕೀಟು ಹಾಕಿಕೊಂಡು ಹಬ್ಬಕ್ಕೆ ಹೊರಟವರ ಹಾಗೆ ಒಬ್ಬರನ್ನೊಬ್ಬರು ತಳ್ಳಾಡುತ್ತಿದ್ದರು. ರೌಹಾ ಗಂಡನಿಂದ ನಾಲ್ಕು ಹೆಜ್ಜೆ ದೂರ ನಿಂತಿದ್ದಳು. ಹತ್ತುವಾಗ ಅವನು ಕೈ ಚಾಚಿದ. ಅವಳು ಬಾಗಿಲ ಕಂಬಿ ಹಿಡಿದು ತಾನೇ ಹತ್ತಿದಳು. ಒಳಗೆ ಅವರು ಬೇರೆ ಬೇರೆ ಸೀಟಿನಲ್ಲಿ ಕೂತದ್ದು ಗಾಜಿನಾಚೆಯಿಂದ ಕಂಡಿತು.

ಸೈಮಿ ಕಿಟಕಿಯ ಚಿಲಕ ತೆಗೆಯಲು ಹೋದಳು. ಚಳಿಗಾಲಕ್ಕೆಂದು ಅಂಚಿಗೆ ಅಂಟಿಸಿದ ಕಾಗದವನ್ನು ಇನ್ನೂ ಕಿತ್ತಿರಲಿಲ್ಲ, ತೆರೆಯಲಿಲ್ಲ. ಗಾಜನ್ನು ಒಮ್ಮೆ ಕುಟ್ಟಿದಳು. ಬಸ್ಸಿನ ಸದ್ದಿನಲ್ಲಿ ಅದು ಯಾರಿಗೂ ಕೇಳಿಸಿರಲಾರದು.

ಗಂಟೆ ಎಂಟಾಗಿತ್ತು. ಹತ್ತೂವರೆಗೆ ಮಕ್ಕಳಿಗೆ ಊಟ ಬಡಿಸಬೇಕು. ಆಲೂಗಡ್ಡೆ ಇನ್ನೂ ಮೂಟೆಯಲ್ಲೇ ಇತ್ತು. ಅವಳು ಬುಟ್ಟಿ ಎಳೆದುಕೊಂಡು ಕೂತು ಒಬ್ಬಳೇ ಹೆರೆಯತೊಡಗಿದಳು.